ತೊಳೆದು ತಂದ ಕಲ್ಲು

ನಮ್ಮ ಮನೆಯ ಗೇಟಿಗೆ ಒಂದು ಹಲಗೆ ತೂಗುಹಾಕಿದ್ದೇನೆ. ಅದರಲ್ಲಿ ಎರಡೇ ಸಾಲು: ‘ಕಲ್ಲು ತೊಳೆದು ತನ್ನಿ. ಬೆಲೆ ಕೇಳಬೇಡಿ.’ ಸಿಟ್ಟು ನೆತ್ತಿಗೇರಿದ್ದ ಒಂದು ಮಧ್ಯಾಹ್ನ ನಾನೇ ಬಣ್ಣ ಕಲಸಿಕೊಂಡು ಬರೆದದ್ದು. ಆ ಎರಡು ಸಾಲನ್ನೂ ಚಾಚೂ ತಪ್ಪದೆ ಪಾಲಿಸಿದವನು ಇಷ್ಟು ದಿನದಲ್ಲಿ ಒಬ್ಬನೇ. ಅವನ ಕಲ್ಲನ್ನೇ ನಾನು ಹಾಳು ಮಾಡಿದೆ. ಈ ಕಲ್ಲಿಗೆ ಬೆಲೆಯಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಿ, ಚೀಟಿಯಲ್ಲಿ ಬರೆಸಿಕೊಂಡು ಹೋಗಲು ಬಂದಿದ್ದ. ಕೇಳುವುದಕ್ಕೂ ನಾನು ಬಿಡಲಿಲ್ಲ.

ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾಗಿ ಹೊಸದುರ್ಗದಲ್ಲಿ ಮನೆ ಮಾಡಿದ ಹೊಸದರಲ್ಲಿ, ಕಲ್ಲು ಹಿಡಿದು ಬರುವವರು ಅಪರೂಪ. ಬಂದವರನ್ನು ಜಗುಲಿಯ ಮೇಲೆ ಕೂರಿಸಿ, ಕಾಫಿ ಕೊಡಿಸಿ, ಇದು ಹೇಗಾಯಿತು, ಭೂಮಿಯ ಎಷ್ಟು ಆಳದಿಂದ ಬಂತು ಎಂದು ಗಂಟೆಗಟ್ಟಲೆ ಹೇಳುತ್ತಿದ್ದೆ. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಆಂಧ್ರದ ಕಡೆ ಮಳೆ ಬಿದ್ದ ಮರುದಿನ ಹೊಲದಲ್ಲಿ ವಜ್ರ ಸಿಗುತ್ತದೆಂಬ ವಿಡಿಯೋ ಬಂತು. ಅಲ್ಲಿಂದ ಈಚೆಗೆ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ಕಲ್ಲಿನ ಹೆಸರು ಯಾರಿಗೂ ಬೇಡ. ‘ಎಷ್ಟು ಬರ್ತೈತೆ ಸಾರ್?’ ಇಷ್ಟೇ.

ಒಬ್ಬ ಕಾಗೆಬಂಗಾರದ ಚಕ್ಕೆಗಳನ್ನು ಟಿಫಿನ್ ಡಬ್ಬಿಯಲ್ಲಿ ತುಂಬಿಕೊಂಡು ಬಂದು, ಪಕ್ಕದವರಿಗೆ ಕಾಣಬಾರದೆಂದು ಬಾಗಿಲು ಹಾಕಿಸಿದ. ಇನ್ನೊಬ್ಬ ಕಲ್ಲಿಗೆ ಹೊಳಪು ಬರಲಿ ಎಂದು ಕೊಬ್ಬರಿ ಎಣ್ಣೆ ಸವರಿ ತಂದ, ಅದು ನನ್ನ ಪುಸ್ತಕದ ಮೇಲೆಲ್ಲ ಇಳಿಯಿತು. ಮಣ್ಣು, ಸಗಣಿ, ಎಣ್ಣೆ ಮೆತ್ತಿದ ಕಲ್ಲನ್ನು ನೋಡಿ ಏನು ಹೇಳಲಿ? ಹಲಗೆಯ ಮೊದಲ ಸಾಲು ಹುಟ್ಟಿದ್ದು ಹಾಗೆ. ‘ಹಲಗೆ ಹಾಕಿದ್ರೆ ಜನ ಬರೋದು ನಿಲ್ಲಿಸ್ತಾರಾ? ಓದೋಕಂತಲೇ ಇನ್ನಷ್ಟು ಜನ ಬರ್ತಾರೆ ನೋಡ್ರಿ’ ಎಂದು ಹೆಂಡತಿ ನಕ್ಕಳು. ಅವಳು ಹೇಳಿದಂತೆಯೇ ಆಯಿತು.

ಅವನು ಬಂದ ದಿನ ಬೆಳಿಗ್ಗೆಯೇ ನನ್ನ ಮನಸ್ಸು ಕೆಟ್ಟಿತ್ತು. ಹೊಳಲ್ಕೆರೆಯ ಅಂಗಡಿಯವರೊಬ್ಬರು ಬೈಕಿನಲ್ಲಿ ಬಂದು ಬಿಳಿ ಕಲ್ಲೊಂದನ್ನು ಮುಂದಿಟ್ಟರು. ಬೆಣಚುಕಲ್ಲು, ನಮ್ಮ ಕಡೆ ಹೊಲದ ಬದುವಿನಲ್ಲೆಲ್ಲ ಬಿದ್ದಿರುವಂಥದ್ದು. ಹಾಗೆಂದೆ.

‘ಗಾಜಿನ ಮೇಲೆ ಗೆರೆ ಎಳೀತದೆ ಸಾರ್. ನಮ್ಮ ಶೋಕೇಸಿನ ಗಾಜೆಲ್ಲ ಗೀಚಿ ನೋಡಿದೀನಿ. ವಜ್ರಾನೇ.’

‘ಬೆಣಚುಕಲ್ಲೂ ಗಾಜು ಗೀಚುತ್ತೇರೀ. ಗಾಜಿಗಿಂತ ಅದು ಗಟ್ಟಿ. ಸುಮ್ಮನೆ ಶೋಕೇಸು ಹಾಳು ಮಾಡ್ಕೊಂಡ್ರಿ.’

ಅವರು ಮೊಬೈಲು ತೆಗೆದು ತೋರಿಸಿದರು. ಕಲ್ಲಿನ ಫೋಟೋ, ಕೆಳಗೆ ವಜ್ರವೆಂದು ಬರಹ. ‘ನಿಮ್ಗೆ ಗೊತ್ತಾಗಾಕಿಲ್ಲ ಬಿಡ್ರಿ ಸಾರ್. ನಿಮ್ದು ಹಳೇ ಓದು’ ಎಂದು ಕಲ್ಲನ್ನು ಜೇಬಿಗೆ ಹಾಕಿಕೊಂಡು ಹೊರಟರು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಹೇಗಾಗಬೇಡ! ನನಗೆ ತಿಂಡಿಯೂ ಸೇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಗೇಟಿನ ಹತ್ತಿರ ಯಾರೋ ನಿಂತಿದ್ದರು. ಐವತ್ತರ ಆಸುಪಾಸಿನ ಗಂಡಸು, ಹೆಗಲ ಮೇಲೆ ಕಂಬಳಿ. ಹಲಗೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ. ಎಲ್ಲಿಂದ ಬಂದೆಯಪ್ಪ ಎಂದು ಕೇಳಿದೆ. ಯಲ್ಲದಕೆರೆಯವನಂತೆ, ಕುರಿ ಕಾಯುವವನು, ಎರಡು ಬಸ್ಸು ಬದಲಿಸಿ ಬಂದಿದ್ದ. ಹೋದ ತಿಂಗಳು ಅದೇ ಹಲಗೆ ನೋಡಿಕೊಂಡು ವಾಪಸು ಹೋಗಿದ್ದನಂತೆ, ಕಲ್ಲು ತೊಳೆದಿರಲಿಲ್ಲವೆಂದು. ಈ ಸಲ ತೊಳೆದು ತಂದಿದ್ದ. ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು ಬಂದ. ಹೊಸ ಟವೆಲ್ಲಿನಲ್ಲಿ ಸುತ್ತಿದ್ದ ಕಲ್ಲನ್ನು ಎರಡು ಕೈಯಲ್ಲಿ ಹಿಡಿದಿದ್ದ. ಕೆಳಗಿಡು ಎಂದರೆ ಇಡಲಿಲ್ಲ, ನನ್ನ ಕೈಗೇ ಕೊಟ್ಟ. ಇದೆಲ್ಲ ಕಣ್ಣಿಗೆ ಬಿದ್ದಿತ್ತು. ನಾನೇ ದಡ್ಡ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ತೆಂಗಿನಕಾಯಿ ಗಾತ್ರದ ಬೆಣಚುಕಲ್ಲು. ಮತ್ತೆ ಬೆಣಚುಕಲ್ಲು! ತಲೆಯ ಕಡೆ ಹರಳು ಕಟ್ಟಿ ಮೊನಚಾಗಿತ್ತು. ನಡುವೆ ಕೂದಲೆಳೆಯಷ್ಟು ಸಣ್ಣ ಬಿರುಕು, ಬಿರುಕಿನುದ್ದಕ್ಕೂ ಕೆಂಪು ಗೆರೆ.

‘ಸಾರ್, ಇದು ನಮ್ಮನೇದು...’ ಎಂದು ಅವನು ಶುರುಮಾಡಿದ.

‘ಮನೇದೋ ಹೊಲದ್ದೋ, ಎಲ್ಲಿ ಸಿಕ್ತು ಅಂತ ಆಮೇಲೆ ಹೇಳು. ಈ ಕೆಂಪು ಕಂಡೆಯಾ? ಕಬ್ಬಿಣದ ತುಕ್ಕು. ನಮ್ಮ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಮಳೆ ನೀರಿನ ಜತೆ ಇಳಿದು ಬಿರುಕಿನಲ್ಲಿ ಕೂರುತ್ತೆ.’

‘ಅದಲ್ಲ ಸಾರ್, ನಾನು ಬಂದಿದ್ದು...’

‘ಬೆಲೆ ಕೇಳಬೇಡ. ಹಲಗೆ ಓದಿದೆಯಲ್ಲ?’

ಪಾಪ, ಬಾಯಿ ಮುಚ್ಚಿಕೊಂಡ. ಬೆಳಗಿನ ಅಂಗಡಿಯವರಿಗೆ ಕೊಡಬೇಕಾಗಿದ್ದ ಉತ್ತರವನ್ನೆಲ್ಲ ನಾನು ಇವನಿಗೆ ಕೊಡಲು ಹೊರಟಿದ್ದೆ. ಒಡೆದಾಗ ಕಾಣುವ ಒಳಗಿನ ಹೊಸ ಮೈ ನೋಡದೆ ಕಲ್ಲಿನ ಬಗ್ಗೆ ಮಾತಾಡಬಾರದೆಂದು ಹುಡುಗರಿಗೆ ಹೇಳಿ ಹೇಳಿ ರೂಢಿ. ಕಲ್ಲನ್ನು ಮೆಟ್ಟಿಲ ಮೇಲಿಟ್ಟು, ಸುತ್ತಿಗೆ ತೆಗೆದುಕೊಂಡು, ಕೆಂಪು ಗೆರೆಯ ಪಕ್ಕಕ್ಕೆ ಒಂದು ಪೆಟ್ಟು ಹಾಕಿದೆ. ಅವನ ಕೈ ಅಡ್ಡ ಬರುವಷ್ಟರಲ್ಲಿ ಪೆಟ್ಟು ಬಿದ್ದಾಗಿತ್ತು. ಒಂದು ಚಕ್ಕೆ ಏಳಲಿ ಎಂದು ಹೊಡೆದದ್ದು, ಕಲ್ಲು ಬಿರುಕಿನ ಗುಂಟ ಎರಡು ಹೋಳಾಯಿತು.

ಅವನು ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ನಾನಿನ್ನೂ ಪಾಠದಲ್ಲೇ ಇದ್ದೆ. ಒಡೆದ ಅಂಚಿನ ಕೆಂಪನ್ನು ಬೆರಳಿನಿಂದ ಒರೆಸಿದೆ. ತುಕ್ಕಾಗಿದ್ದರೆ ಕಲ್ಲಿಗೆ ಕಚ್ಚಿಕೊಂಡಿರಬೇಕಿತ್ತು. ಇದು ಮೆತ್ತಗೆ ಬೆರಳಿಗೆ ಬಂತು. ಮೂಸಿದರೆ ದೀಪದ ಎಣ್ಣೆಯ ವಾಸನೆ. ಕುಂಕುಮ. ಅವನ ಅಪ್ಪ, ತಾತ, ಅವರ ಹಿಂದಿನವರು ಹಚ್ಚುತ್ತ ಬಂದ ಕುಂಕುಮ ಎಣ್ಣೆಯ ಜತೆ ಬಿರುಕಿಗೆ ಇಳಿದಿತ್ತು. ಎಷ್ಟು ತೊಳೆದರೂ ಅಷ್ಟು ಉಳಿದಿತ್ತು.

‘ಇದು ದೇವರೇನಪ್ಪ?’ ಎಂದೆ.

‘ಹೂಂ ಸಾರ್. ನಮ್ಮನೆ ದೇವ್ರು.’

‘ಮೊದಲೇ ಹೇಳಬಾರದಿತ್ತಾ?’ ಎಂದು ಅವನ ಮೇಲೆಯೇ ರೇಗಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಅವನೇ ನಿಧಾನವಾಗಿ ಹೇಳಿದ. ಹೊಲದ ಬೇವಿನ ಮರದ ಕೆಳಗಿನ ಗುಡಿಯಲ್ಲಿ ಅಣ್ಣತಮ್ಮಂದಿರಿಬ್ಬರೂ ಸೇರಿ ಪೂಜೆ ಮಾಡುತ್ತಿದ್ದರು. ತಮ್ಮನ ಕಡೆಯ ನೆಂಟನೊಬ್ಬ ಮೊಬೈಲಿನಲ್ಲಿ ಫೋಟೋ ಹೊಡೆದು, ಇದು ವಜ್ರದ ಜಾತಿ, ಲಕ್ಷಗಟ್ಟಲೆ ಬಾಳುತ್ತದೆ ಎಂದು ಹೇಳಿಹೋದ. ಅಂದಿನಿಂದ ತಮ್ಮನಿಗೆ ಅಣ್ಣ ಮಾರಿಯಾನೆಂಬ ಗುಮಾನಿ, ಅಣ್ಣನಿಗೆ ತಮ್ಮ ಕದ್ದಾನೆಂಬ ಗುಮಾನಿ. ದೇವರು ಗುಡಿ ಬಿಟ್ಟು ಟ್ರಂಕು ಸೇರಿತು. ಈ ವರ್ಷ ಪೂಜೆಯೂ ಇಲ್ಲ, ಎರಡು ಮನೆಗೆ ಮಾತೂ ಇಲ್ಲ.

‘ಹೊಸದುರ್ಗದ ಮೇಷ್ಟ್ರು ಹೇಳಿದಂಗೆ ಆಗ್ಲಿ ಅಂತ ನನ್ ತಮ್ಮ ಒಪ್ಕಂಡಿದ್ದ ಸಾರ್. ಇದಕ್ಕೆ ಬೆಲೆ ಇಲ್ಲ ಅಂತ ನೀವು ಬರ್ದು ಕೊಟ್ಟಿದ್ರೆ, ಇವತ್ತು ಸಂಜೀಗೆ ಗುಡೀಲಿ ಇಡ್ತಿದ್ವಿ.’

ಒಳಗೆ ಹೋಗಿ ಕಾಗದ ತಂದೆ. ನನ್ನ ಹೆಸರು, ಓದು, ಕೆಲಸ ಎಲ್ಲ ಬರೆದು, ಇದು ಸಾಮಾನ್ಯ ಬೆಣಚುಕಲ್ಲು, ಮಾರಿದರೆ ಏನೂ ಬರುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ಓದಿ ಹೇಳಿದೆ.

ಅವನು ಹೋಳುಗಳನ್ನು ಟವೆಲ್ಲಿನಲ್ಲಿ ಇಟ್ಟುಕೊಂಡು, ಮೆಟ್ಟಿಲ ಮೇಲೆ ಸಿಡಿದಿದ್ದ ಪುಡಿಯನ್ನೂ ಅಂಗೈಯಿಂದ ಗುಡಿಸಿ ಸೇರಿಸುತ್ತಿದ್ದ. ಚೀಟಿಗೆ ಕೈ ಚಾಚಲಿಲ್ಲ.

‘ಇದನ್ನ ತಗಂಡೋಗಿ ಏನ್ ಮಾಡ್ಲಿ ಸಾರ್? ಬೆಲೆ ಇಲ್ಲದ ಕಲ್ಲನ್ನ ಮೇಷ್ಟ್ರು ಯಾಕ್ ಒಡೆದ್ರು ಅಂತಾನೆ ನನ್ ತಮ್ಮ. ಒಳಗೇನಿತ್ತು, ಯಾರ್ ತಗಂಡ್ರಿ ಅಂತಾನೆ.’

ನಾನೂ ಬರುತ್ತೇನೆ, ನಡೆದದ್ದು ನಡೆದಂತೆ ಹೇಳುತ್ತೇನೆ ಎಂದೆ.

‘ಬ್ಯಾಡ್ರಿ. ನೀವು ಜೊತೇಲಿ ಬಂದ್ರೆ ನಿಮ್ಗೂ ಪಾಲಿತ್ತು ಅಂತಾನೆ.’

ಟವೆಲ್ಲನ್ನು ಎರಡು ಕೈಯಲ್ಲಿ ಎತ್ತಿಕೊಂಡು ಎದ್ದ. ಗೇಟಿನಾಚೆ ಚಪ್ಪಲಿ ಹಾಕಿಕೊಳ್ಳಲಿಲ್ಲ, ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಅವನು ತಿರುವು ದಾಟುವವರೆಗೂ ನಾನು ಚೀಟಿ ಹಿಡಿದು ನಿಂತಿದ್ದೆ.

ಚೀಟಿ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದರಲ್ಲಿ ಬರೆದಿರುವುದೆಲ್ಲ ನಿಜ. ಆ ಕಲ್ಲಿಗೆ ಬೆಲೆಯಿರಲಿಲ್ಲವೆಂದು ಯಲ್ಲದಕೆರೆಯಲ್ಲಿ ಇನ್ನು ಯಾರೂ ನಂಬುವುದಿಲ್ಲ.