ಪುಟ್ಟಯ್ಯನವರ ಏಟು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾವುದಾದರೂ ಛತ್ರದಲ್ಲಿ ಆರ್ಕೆಸ್ಟ್ರಾ ನಡೆಯುತ್ತಿರುವಾಗ ಹೆಂಗಸೊಬ್ಬಳು ಸರಸರನೆ ವೇದಿಕೆ ಹತ್ತಿ, ರಿದಮ್ ಪ್ಯಾಡ್ ಬಾರಿಸುವವನ ಕಿವಿಯ ಹತ್ತಿರ ಬಗ್ಗಿ, "ಆ ತಮಟೆ ಸೌಂಡ್ ತೆಗಿ" ಎಂದರೆ, ಅವಳು ಪ್ರಜ್ಞಾ ಎಂದೇ ತಿಳಿಯಬೇಕು. ಮದುಮಗಳ ಚಿಕ್ಕಮ್ಮನೋ ಯಾರೋ ಎಂದುಕೊಂಡು ತಂಡದವರು ಮೊದಲು ನಗುತ್ತಾರೆ. ಆಮೇಲೆ ನಗುವುದಿಲ್ಲ. "ಅದು ಅಜ್ಜಂಪುರದ ಪುಟ್ಟಯ್ಯನೋರ ಕೈ. ಕೇಳಿ ತಗೊಂಡಿದ್ದಲ್ಲ" ಎಂದು ಒಂದೇ ಉಸಿರಿಗೆ ಹೇಳಿ, ತೆಗೆಯುವ ತನಕ ಅಲ್ಲೇ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾಳೆ. ಅದು ಬಜಾರಿ, ಅದರ ಸಹವಾಸವೇ ಬೇಡ ಎಂದು ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ, ಅವಳಿಗೇನು.

ಪ್ರಜ್ಞಾಳಿಗೆ ಮೂವತ್ತನಾಲ್ಕು ವರ್ಷ. ಕಡೂರಿನಲ್ಲಿ ಬಾಡಿಗೆ ಮನೆ. ಅವಳದೂ ಪ್ಯಾಡ್ ಬಾರಿಸುವ ಕೆಲಸವೇ. ಒಂದು ಅಗಲ ಪೆಟ್ಟಿಗೆ, ಮೇಲೆ ಒಂಬತ್ತು ರಬ್ಬರ್ ಚೌಕ, ಒಂದೊಂದಕ್ಕೆ ಕೋಲು ಬಿದ್ದರೆ ಒಂದೊಂದು ವಾದ್ಯ ನುಡಿಯುತ್ತದೆ. ಡೋಲಕ್ಕು, ತಬಲಾ, ಡ್ರಮ್ಸ್, ಏನು ಬೇಕಾದರೂ. ಭೈರೇಶ್ ಎಂಬುವವನ ತಂಡದಲ್ಲಿ ಹತ್ತು ವರ್ಷ ಬಾರಿಸಿದಳು. ಅವನು ಕೀಬೋರ್ಡ್ ನುಡಿಸುತ್ತಿದ್ದ, ತಂಡದ ಯಜಮಾನನೂ ಅವನೇ. ಎಲ್ಲಿಗೆ ಹೋದರೂ ಛತ್ರದವರು ಅವಳನ್ನು ನೋಡಿ "ಹಾಡೋರಾ?" ಎಂದು ಕೇಳುವುದು. ಅಲ್ಲ ಎಂದರೆ, ಹಾಗಾದರೆ ಯಾರ ಹೆಂಡತಿ ಎಂಬ ಹಾಗೆ ನೋಡುವುದು. ಮೊದಲ ಹಾಡಿನ ಮೊದಲ ಏಟು ಬಿದ್ದ ಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ.

ಆ ಕೈ ಅವಳಿಗೆ ಅಪ್ಪನಿಂದ ಬಂದದ್ದು. ಪುಟ್ಟಯ್ಯನವರು ತಮಟೆ ಹಿಡಿದರೆ ಅಜ್ಜಂಪುರದ ಸುತ್ತ ಅವರಿಗೆ ಸರಿಸಾಟಿ ಇರಲಿಲ್ಲ. ಆದರೆ ಏನು ಬಂತು? ಸಾವಾದರೆ ಹೇಳಿ ಕಳಿಸುತ್ತಿದ್ದರು, ಊರ ದೇವರ ಕೆಲಸಕ್ಕೆ ಹೇಳಿ ಕಳಿಸುತ್ತಿದ್ದರು. ಕೇಳುವುದಲ್ಲ, ಹೇಳಿ ಕಳಿಸುವುದು. ಹೋಗಿ ಬಾಗಿಲಾಚೆ ನಿಂತು ಬಾರಿಸಬೇಕು, ಎಲ್ಲರ ಊಟ ಆದ ಮೇಲೆ ಹಿತ್ತಿಲಲ್ಲಿ ಕೂತು ಉಣ್ಣಬೇಕು. ಹದಿನೈದು ವರ್ಷದ ಹಿಂದೆ ಅವರ ಕೇರಿಯ ಮನೆಯವರೆಲ್ಲ ಬೌದ್ಧರಾದಾಗ, ಬುದ್ಧನ ಪಟದ ಮುಂದೆ ನಿಂತು ಪುಟ್ಟಯ್ಯನವರು ಎಲ್ಲರಿಗಿಂತ ಮೊದಲು ಮಾತು ಕೊಟ್ಟರು: ಇನ್ನು ಯಾರ ಬಾಗಿಲಲ್ಲೂ ನಿಂತು ಬಾರಿಸುವುದಿಲ್ಲ. ಮರುವರ್ಷವೇ ದೊಡ್ಡ ತೋಟದ ಪಂಚಾಕ್ಷರಪ್ಪನವರ ತಾಯಿ ತೀರಿಕೊಂಡರು. ಹೇಳಿಕೆ ಬಂತು, ಪುಟ್ಟಯ್ಯನವರು ಹೋಗಲಿಲ್ಲ. ಆ ಸಿಟ್ಟಿಗೆ ಎರಡು ವರ್ಷ ಅವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಹಾಗಂತ ಅವರು ತಮಟೆಯನ್ನು ಬಿಸಾಡಿದವರಲ್ಲ. ವರ್ಷಕ್ಕೊಂದು ಸಲ, ಬುದ್ಧ ಪೂರ್ಣಿಮೆಯ ದಿನ, ತಮ್ಮದೇ ಅಂಗಳದಲ್ಲಿ ತೆಂಗಿನ ಗರಿಯ ಬೆಂಕಿಗೆ ಚರ್ಮ ಕಾಯಿಸಿ, ಮನಸ್ಸು ತುಂಬುವಷ್ಟು ಬಾರಿಸುತ್ತಿದ್ದರು. ಅದು ಅವರ ಸಂತೋಷಕ್ಕೆ.

ಎರಡು ವರ್ಷದ ಹಿಂದಿನ ಪೂರ್ಣಿಮೆಗೆ ಭೈರೇಶ್ ತಾನಾಗಿ ಬಂದ. ಅಂಥ ಕೈಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳದಿದ್ದರೆ ಪಾಪ ಬರುತ್ತದೆ, ನಾಳೆ ಮೊಮ್ಮಕ್ಕಳು ಕೇಳುವುದು ಬೇಡವೇ ಎಂದು ಒಂದೇ ಸಮನೆ ಪುಸಲಾಯಿಸಿದ. ಪುಟ್ಟಯ್ಯನವರು ಅವನ ಮುಖ ನೋಡಲಿಲ್ಲ, ಮಗಳ ಮುಖ ನೋಡಿದರು. "ಮನೆ ಬಾಗ್ಲು ದಾಟಬಾರ್ದು ಕಣವ್ವ" ಎಂದರು. "ದಾಟಲ್ಲಪ್ಪ, ನಾನಿದೀನಲ್ಲ" ಎಂದಳು ಪ್ರಜ್ಞಾ. ಮೈಕನ್ನು ತಮಟೆಯ ಹತ್ತಿರ ಹಿಡಿದು ಕೂತವಳೂ ಅವಳೇ. ಬಾರಿಸಿ ಮುಗಿದ ಮೇಲೆ ಭೈರೇಶ್, ಈಗ ಒಂದೊಂದೇ ಏಟನ್ನು ಬಿಡಿಬಿಡಿಯಾಗಿ ಹೊಡೆಯಿರಿ, ನಡುವೆ ಸ್ವಲ್ಪ ಬಿಡುವು ಕೊಡಿ ಎಂದ. ಮೊಮ್ಮಕ್ಕಳಿಗೆ ಬಿಡಿ ಏಟು ಯಾಕೆ? ಪ್ಯಾಡಿನ ಚೌಕಕ್ಕೊಂದೊಂದು ಏಟು ತುಂಬುವವರಿಗೆ ಮಾತ್ರ ಹಾಗೆ ಬೇಕು. ದಿನಾ ಪ್ಯಾಡ್ ಬಾರಿಸುವ ಪ್ರಜ್ಞಾಳಿಗೆ ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅಪ್ಪನ ಕೈ ನೋಡುತ್ತಾ ಮೈಮರೆತಿದ್ದಳು.

ಹೋದ ಆಷಾಢಕ್ಕೆ ಅವಳ ಹಳೆಯ ಪ್ಯಾಡು ಕೈಕೊಟ್ಟಿತು. ನಾಲ್ಕನೆಯ ಚೌಕ ಗುದ್ದಿದರೆ ಮಾತ್ರ ನುಡಿಯುವುದು, ಏಳನೆಯದು ಹೊಡೆಯದೆಯೇ ನುಡಿಯುವುದು. ಮದುವೆಗಳಿಲ್ಲದ ತಿಂಗಳು, ಶ್ರಾವಣ ಬರುವುದರೊಳಗೆ ಹೊಸದನ್ನು ಆರಿಸಿಬಿಡೋಣ ಎಂದು ಅವಳೂ ಭೈರೇಶನೂ ಕಡೂರಿನ ಬಿ.ಎಚ್. ರಸ್ತೆಯಲ್ಲಿರುವ ಗಂಗಾಧರಯ್ಯನವರ ಅಂಗಡಿಗೆ ಹೋದರು. ಗಂಗಾಧರಯ್ಯ ಮೂರು ಪ್ಯಾಡುಗಳನ್ನು ಮೇಜಿನ ಮೇಲಿಟ್ಟು, ಒಂದೊಂದರ ಗುಣಗಾನವನ್ನೂ ಭೈರೇಶನ ಮುಖ ನೋಡಿಕೊಂಡೇ ಮಾಡಿದರು. ಬಾರಿಸುವವಳು ಇಲ್ಲಿ ನಿಂತಿದ್ದಾಳೆ ಎಂದು ಪ್ರಜ್ಞಾ ಎರಡು ಸಲ ಹೇಳಿದಳು. ಹೌದೇನಮ್ಮ ಎಂದು ನಕ್ಕು, ಮತ್ತೆ ಭೈರೇಶನ ಕಡೆಗೇ ತಿರುಗಿದರು. ಅವಳ ಮೈ ಆಗಲೇ ಉರಿಯತೊಡಗಿತ್ತು.

ಆದರೂ ಕೆಲಸ ಕೆಟ್ಟರೆ ತನಗೇ ನಷ್ಟ ಎಂದು ಹಲ್ಲು ಕಚ್ಚಿಕೊಂಡು ಪರೀಕ್ಷೆಗೆ ನಿಂತಳು. ಮೊದಲನೆಯದು ಮಿಂಚುತ್ತಿತ್ತು, ಬಣ್ಣಬಣ್ಣದ ದೀಪ ಬೇರೆ. ಬೆರಳ ತುದಿಯಿಂದ ಮುಟ್ಟಿದರೂ ಒಂದೇ ಸದ್ದು, ಕೋಲೆತ್ತಿ ಹೊಡೆದರೂ ಅದೇ ಸದ್ದು. ಅದಕ್ಕೆ ಮೆಲುವೂ ಇಲ್ಲ, ಜೋರೂ ಇಲ್ಲ. ಮೂರನೆಯದರಲ್ಲಿ ಕೋಲು ಬಿದ್ದ ಮೇಲೆ ಸದ್ದು ಬರಲು ಒಂದು ಚೂರು ತಡ. ಕೇಳುವವರಿಗೆ ಗೊತ್ತಾಗುವುದಿಲ್ಲ, ಬಾರಿಸುವವಳ ಕೈಗೆ ಗೊತ್ತಾಗುತ್ತದೆ, ಹಾಡು ಮುಗಿಯುವುದರೊಳಗೆ ತಲೆ ಕೆಡುತ್ತದೆ. ನಡುವಿನದು ನೋಡಲು ಸಪ್ಪೆ. ಆದರೆ ಒಂದು ಚೌಕಕ್ಕೆ ಹೊಡೆದರೆ ಪಕ್ಕದ್ದು ಅದುರಿ ನುಡಿಯುತ್ತಿರಲಿಲ್ಲ, ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಬಿಟ್ಟು ಹೊಡೆದರೆ ಎದೆಗೆ ಬಡಿಯುವ ಹಾಗೆ. ನಮಗೆ ಬೇಕಾದ ಸದ್ದನ್ನೂ ಅದಕ್ಕೆ ತುಂಬಬಹುದಿತ್ತು. ಇದೇ ಇರಲಿ ಎಂದಳು.

ಆಗ ಗಂಗಾಧರಯ್ಯನವರಿಗೆ ಹುಮ್ಮಸ್ಸು ಬಂತು. ಬರೀ ಪ್ಯಾಡಲ್ಲ, ಇದಕ್ಕೆ ನಮ್ಮ ಕಡೆಯ ಸೌಂಡುಗಳನ್ನೂ ಹಾಕಿಯೇ ಕೊಡುತ್ತೇವೆ, ಶಿವಮೊಗ್ಗದ ತನಕ ಎಲ್ಲ ತಂಡದವರೂ ಇದಕ್ಕೆ ಮುಗಿಬೀಳುತ್ತಿದ್ದಾರೆ ಎನ್ನುತ್ತಾ ಒಂದು ಪುಟಾಣಿ ಕಾರ್ಡನ್ನು ಸಿಕ್ಕಿಸಿದರು. ಪರದೆಯ ಮೇಲೆ 'ಲೋಕಲ್ ತಮಟೆ ಮೂರು' ಎಂದು ಬಂತು. ಹೊಡೆದು ನೋಡಮ್ಮ ಎಂದರು.

ಹೊಡೆದಳು. ಬಲಗೈಯ ದಪ್ಪ ಕೋಲಿನ ಏಟು, ಅದರ ಹಿಂದೆಯೇ ಕೂದಲೆಳೆಯಷ್ಟು ತಡವಾಗಿ ಎಡಗೈಯ ಸಣ್ಣ ಕಡ್ಡಿಯ ಸೋಕು. ಹಾಗೆ ಹೊಡೆಯುವವರು ಇಡೀ ಸೀಮೆಯಲ್ಲಿ ಒಬ್ಬರೇ. ನಂಬಲಾಗದೆ ಇನ್ನೊಂದು ಚೌಕಕ್ಕೆ ಹೊಡೆದಳು. ಏಟಿನ ಬಾಲದಲ್ಲಿ ಅರ್ಧಕ್ಕೆ ಕತ್ತರಿಸಿದ ಕುಕ್ಕರಿನ ಕೂಗು. ಅದು ಅವಳ ಅವ್ವ ಹನುಮಂತಮ್ಮ ಆವತ್ತು ಒಳಗೆ ಬೇಳೆ ಬೇಯಿಸುತ್ತಿದ್ದ ಕುಕ್ಕರು. ಇಷ್ಟು ದಿನ ಅವಳ ಹಳೆಯ ಪ್ಯಾಡಿಗೆ ಕಾರ್ಡಿನ ಕಿಂಡಿಯೇ ಇರಲಿಲ್ಲ, ಬೇರೆ ತಂಡದವರ ಕಾರ್ಯಕ್ರಮ ಕೇಳಲು ಅವಳಿಗೆ ಪುರಸೊತ್ತೂ ಇರಲಿಲ್ಲ. ಅದಕ್ಕೇ ಗೊತ್ತಾಗಿರಲಿಲ್ಲ.

ತಿರುಗಿ ನೋಡಿದರೆ ಭೈರೇಶ್ ಮೊಬೈಲಿನೊಳಗೆ ಮುಖ ಹುದುಗಿಸಿದ್ದ. ಇದನ್ನು ಯಾರು ಕೊಟ್ಟಿದ್ದು ಎಂದು ಅಂಗಡಿಯವರನ್ನು ಕೇಳಿದಳು. ಪಾಪ, ಅವರಿಗೇನು ಗೊತ್ತು, ಇವರೇ ಕೊಟ್ಟಿದ್ದಲ್ಲವೇ ಎಂದು ಭೈರೇಶನನ್ನೇ ತೋರಿಸಿದರು. ಅವನು ಮೊದಲು ನಕ್ಕುಬಿಡಲು ನೋಡಿದ. ಆಮೇಲೆ ಎಲ್ಲರೂ ಹೀಗೇ ಮಾಡುತ್ತಾರೆ ಎಂದ, ಸದ್ದಿಗೂ ಖಾತೆ ಪಹಣಿ ಇರುತ್ತದಾ ಎಂದ, ಪುಟ್ಟಯ್ಯನ ಕಲೆ ಉಳಿಯಲಿ ಎಂದೇ ಮಾಡಿದ್ದು ಎಂದ. ಕಲೆ ಉಳಿಸುವವನು ಹೆಸರನ್ನು ಯಾಕಯ್ಯ ಅಳಿಸಿದೆ ಎಂದು ಪ್ರಜ್ಞಾ ಕೇಳಿದಾಗ ಅವನೂ ಕೆರಳಿದ.

"ನಿಮ್ಮಪ್ಪನ್ನ ಯಾರಾದ್ರೂ ಬಾ ಅಂತ ಎಳ್ಕೊಂಡು ಹೋದ್ರಾ? ಅವ್ರು ಮನೇಲಿ ಮರ್ವಾದೆಯಾಗಿ ಕೂತವ್ರೆ. ಕೆಲ್ಸ ಕೆಲ್ಸದ ಪಾಡಿಗೆ ನಡೀತೈತೆ. ಇಬ್ರಿಗೂ ಒಳ್ಳೇದೇ ಆಯ್ತಲ್ಲ."

"ಬರಲ್ಲ ಅಂತ ನಮ್ಮಪ್ಪ ಹೇಳಿದ್ ಬಾಗ್ಲಿಗೆಲ್ಲ ಅವ್ರ ಕೈನ ಹೊತ್ಕೊಂಡ್ ಹೋಗಿದೀಯ," ಎಂದಳು ಪ್ರಜ್ಞಾ. "ಆಳು ಬೇಡ, ಕೈ ಮಾತ್ರ ಬೇಕು. ನಿಮ್ಮಜ್ಜಂದಿರಾದ್ರೂ ಹಿತ್ಲಲ್ಲಿ ಕೂರಿಸಿ ಒಂದ್ ತುತ್ತು ಹಾಕೋರು. ನೀನು ಅದೂ ಇಲ್ದಂಗೆ ಮಾಡ್ದೆ."

ಗಂಗಾಧರಯ್ಯನವರು ಸಮಾಧಾನ ಮಾಡಲು ಬಂದರು. ಅವಳು ಕಾರ್ಡನ್ನು ಕಿತ್ತು ಅವರ ಕೈಗಿಟ್ಟು, ಇನ್ನು ಇವನ ತಂಡಕ್ಕೂ ತನಗೂ ಸಂಬಂಧವಿಲ್ಲ ಎಂದು ಹೇಳಿ ಇಳಿದು ಹೊರಟಳು. ಆ ನಡುವಿನ ಪ್ಯಾಡಿನಂಥದ್ದನ್ನೇ ಮುಂದೆ ಶಿವಮೊಗ್ಗದಿಂದ, ಯಾವ ಲೋಕಲ್ ಸೌಂಡೂ ಹಾಕಿಸದೆ, ಖಾಲಿಯಾಗಿಯೇ ತಂದಳು. ಆ ದಿನ ಮಾತ್ರ ಪ್ಯಾಡಿನ ಯೋಚನೆ ಇರಲಿಲ್ಲ.

ಬೀರೂರಿಗೆ ಹೋಗಿ ಅಜ್ಜಂಪುರದ ಬಸ್ಸು ಹಿಡಿದಳು. ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಭೈರೇಶನನ್ನು ಬೈದು ಮುಗಿಯಿತು, ಗಂಗಾಧರಯ್ಯನವರನ್ನು ಬೈದು ಮುಗಿಯಿತು, ಕೊನೆಗೆ ಉಳಿದವಳು ತಾನೊಬ್ಬಳೇ. ನಾನಿದೀನಲ್ಲ ಎಂದವಳು ಯಾರು? ಮೈಕು ಹಿಡಿದವಳು ಯಾರು? ಹದಿನೈದು ವರ್ಷ, ಕೂಲಿ ತಪ್ಪಿದಾಗಲೂ ಅಪ್ಪ ಉಳಿಸಿಕೊಂಡ ಮಾತನ್ನು ಮಗಳು ಒಂದು ಮಧ್ಯಾಹ್ನದಲ್ಲಿ ಕಳೆದಿದ್ದಳು. ಅಷ್ಟೊಂದು ಜನರ ಮೊಬೈಲಿಗೆ, ಪೆನ್‌ಡ್ರೈವಿಗೆ ಹೋಗಿರುವುದನ್ನು ವಾಪಸ್ ತರಲಾಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಅಪ್ಪನಿಗೆ ಬೇರೆಯವರ ಬಾಯಿಂದ ತಿಳಿಯಬಾರದು. ತಾನೇ ಹೇಳಬೇಕು. ಹೊಡೆದರೂ ಹೊಡೆಯಲಿ, ಮನೆಗೆ ಕಾಲಿಡಬೇಡ ಎಂದರೂ ಎನ್ನಲಿ.

ಪುಟ್ಟಯ್ಯನವರು ಅಂಗಳದಲ್ಲಿ ಕೂತು ಆಡಿಗೆ ಹಗ್ಗ ಹೊಸೆಯುತ್ತಿದ್ದರು. ಹನುಮಂತಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಪ್ರಜ್ಞಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕುಕ್ಕರಿನ ಕೂಗು ಬಂದದ್ದನ್ನೂ ಬಿಡಲಿಲ್ಲ. ತಪ್ಪು ನಂದೇ ಕಣಪ್ಪ ಎಂದು ಮುಗಿಸಿ, ಬೈಗುಳಕ್ಕೆ ತಲೆ ಬಗ್ಗಿಸಿ ಕಾದಳು.

ಬೈಗುಳ ಬರಲಿಲ್ಲ. "ಗೊತ್ತು ಕಣವ್ವ" ಎಂದರು ಪುಟ್ಟಯ್ಯ.

ಯುಗಾದಿ ಕಳೆದ ವಾರಕ್ಕೆ ಪಂಚಾಕ್ಷರಪ್ಪನವರು ತೀರಿಕೊಂಡಿದ್ದರಂತೆ. ಹೆಣ ಟ್ರ್ಯಾಕ್ಟರಿನಲ್ಲಿ ಹೋಯಿತು, ಅದರ ಹಿಂದೆ ಇನ್ನೊಂದು ಗಾಡಿಯಲ್ಲಿ ದೊಡ್ಡ ಸ್ಪೀಕರು ಕಟ್ಟಿ ಯಾರೋ ಪ್ಯಾಡು ಬಾರಿಸುತ್ತಿದ್ದರು. ಪುಟ್ಟಯ್ಯನವರು ಟೀ ಅಂಗಡಿಯ ಮುಂದೆ ನಿಂತಿದ್ದರು. ಅಲ್ಲಿದ್ದವರಿಗೆ ಯಾರಿಗೂ ಅದು ಯಾರ ಕೈ ಎಂದು ತಿಳಿಯಲಿಲ್ಲ. ಅವರಿಗೆ ತಿಳಿಯಿತು. ತಾಯಿಯ ಸಾವಿಗೆ ಬಾರದ ತಮಟೆ ಮಗನ ಸಾವಿಗೆ ಬಂದಿತ್ತು, ಸ್ಮಶಾನದ ತನಕವೂ ಹೋಯಿತು.

"ನೀನೇ ಕೊಟ್ಟಿದೀಯ ಅಂದ್ಕೊಂಡಿದ್ದೆ," ಎಂದರು. "ಹೊಟ್ಟೆಪಾಡು, ಏನೋ ಕಷ್ಟ ಬಂದೈತೆ, ಕೊಟ್ಟವ್ಳೆ ಅಂತ ಸುಮ್ನಾದೆ."

ಆಗ ಪ್ರಜ್ಞಾಳಿಗೆ ಬಂದ ಸಿಟ್ಟು ಭೈರೇಶನ ಮೇಲೂ ಬಂದಿರಲಿಲ್ಲ. ಇಷ್ಟು ತಿಂಗಳು ತನ್ನನ್ನು ಅಂಥವಳು ಎಂದುಕೊಂಡೇ ತನ್ನ ಜೊತೆ ಕೂತು ಉಂಡರೇ? ಮಾತನಾಡಿಸಿದರೇ?

"ನನ್ನ ಒಂದ್ ಮಾತು ಕೇಳೋಕೇನಾಗಿತ್ತಪ್ಪ ನಿಂಗೆ?"

ಪುಟ್ಟಯ್ಯನವರು ಹಗ್ಗವನ್ನು ಪಕ್ಕಕ್ಕಿಟ್ಟರು.

"ಕೇಳಿ, ನೀನು ಹೂಂ ಅಂದ್ಬಿಟ್ಟಿದ್ರೆ?"

ಮೊರ ಹಿಡಿದುಕೊಂಡೇ ಹನುಮಂತಮ್ಮ ಅಳುತ್ತಿದ್ದರು. ಆ ವರ್ಷದ ಬುದ್ಧ ಪೂರ್ಣಿಮೆಗೆ ಪುಟ್ಟಯ್ಯನವರು ಗೂಟದಿಂದ ತಮಟೆ ಕೆಳಗಿಳಿಸಿರಲಿಲ್ಲ, ಎಡತೋಳು ನೋವು ಎಂದಿದ್ದರು. ಪ್ರಜ್ಞಾ ಗಾಬರಿಯಾಗಿ ಕಡೂರಿನಿಂದ ಮುಲಾಮು ತಂದಿದ್ದಳು, ಅಲ್ಲಿಂದ ಈಚೆಗೆ ಪ್ರತಿ ಭಾನುವಾರ ಬಂದು ತಾನೇ ಕೂತು ತಿಕ್ಕುತ್ತಿದ್ದಳು. ನೋವೇ ಇಲ್ಲದ ಆ ತೋಳನ್ನು ಅವರು ಒಂದು ವಾರವೂ ತಪ್ಪದೆ ಮಗಳ ಮುಂದೆ ಚಾಚಿದ್ದರು.