ಬ್ರೂಸ್‌ಪೇಟೆ ಲಾಡ್ಜಿನ ಮುಚ್ಚದ ಬಾಗಿಲು

ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದೆ. ಎಳೆಯಾಗಿ ಇಳಿಯಬೇಕಾದ ಪುಡಿ ಒಂದೇ ಕಡೆ ಗುಪ್ಪೆಯಾಗಿ ಬಿತ್ತು. ಬೆರಳು ಕೂಡುತ್ತಿಲ್ಲ ಎಂದು ತಿಳಿಯುವಷ್ಟರಲ್ಲಿ ಬಲಗಾಲೂ ಸೋತಿತು.

ಸ್ಟ್ರೋಕ್ ಅಂದರು. ನನಗೆ ಮೂವತ್ತೆಂಟು.

ಮಾತು ಮರಳಿತು. ಕೈ ಅರ್ಧ ಮರಳಿತು. ಬಲಗಾಲು ಮಾತ್ರ ಕೋಲಿನ ಹಾಗೆ ಸೆಟೆದುಕೊಂಡಿತು, ಮೊಣಕಾಲು ಮಡಚಲಿಲ್ಲ. ಕುಕ್ಕರುಗಾಲಲ್ಲಿ ಕೂರಲಾಗದ ನನಗಾಗಿ ಅತ್ತೆ ತಮ್ಮ ತವರು ಕುರುಗೋಡಿನ ಬಡಗಿಯ ಹತ್ತಿರ ನಡುವೆ ತೂತಿರುವ ಕುರ್ಚಿ ಮಾಡಿಸಿದರು. ತಿಂಗಳಿಗೊಮ್ಮೆ ಫಿಸಿಯೋಥೆರಪಿಗೆ ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿ ಎರಡು ದಿನ ಉಳಿಯಬೇಕು. ತಪ್ಪಿಸಿದರೆ ಕಾಲು ಹಾಗೆಯೇ ಉಳಿಯುತ್ತದೆ ಎಂದಿದ್ದರು ಡಾಕ್ಟರು. ಬಸ್ಸಿನ ಟಾಪಿನ ಮೇಲೆ ಕುರ್ಚಿ, ಒಳಗೆ ಅತ್ತೆ ಮತ್ತು ನಾನು.

ಬಳ್ಳಾರಿಯಲ್ಲಿ ಕೆಳಗಡೆ ರೂಮು ಸಿಕ್ಕಿದ್ದು ಬ್ರೂಸ್‌ಪೇಟೆಯ ಒಂದೇ ಲಾಡ್ಜಿನಲ್ಲಿ. ಮ್ಯಾನೇಜರು ಕುರ್ಚಿ ನೋಡಿ ನಕ್ಕರು.

“ಏನ್ರಿ ಅಜ್ಜೀ, ಸಿಂಹಾಸನ ಹೊತ್ಕೊಂಡು ಬಂದೀರಿ?”

“ಹೂನಪ್ಪಾ, ನಮ್ಮ ಸೊಸಿ ರಾಣಿ. ಪಾಯಖಾನಿ ಎಲ್ಲೈತಿ, ಅಷ್ಟು ತೋರ್ಸು.”

ಎಲ್ಲರಿಗೂ ಸೇರಿ ಒಂದೇ ಪಾಯಖಾನೆ, ಹಿತ್ತಲಿನ ಕೊನೆಗೆ, ಎರಡು ಮೆಟ್ಟಿಲು ಮೇಲೆ. ಅತ್ತೆ ನನ್ನ ಸೊಂಟ ಹಿಡಿದು ಹತ್ತಿಸಿದರು. ಕುರ್ಚಿ ಒಳಗೆ ಹಿಡಿಸಿತು, ಹೊಸ್ತಿಲಿಗೆ ಒತ್ತಿಕೊಂಡು. ನಾನು ಕೂತೆ. ಸೆಟೆದ ಕಾಲು ಹೊರಗೆ ಚಾಚಿತು.

ಬಾಗಿಲು ಮುಚ್ಚಲಿಲ್ಲ.

ಅತ್ತೆ ತಲೆಯ ಮೇಲಿನ ಸೆರಗು ತೆಗೆದು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅಡ್ಡ ನಿಂತರು. ಅದರ ಅಂಚಿನ ಕೆಳಗೆ ಕಾದು ನಿಂತವರ ಪಾದಗಳು ಕಾಣುತ್ತಿದ್ದವು. ತಂಬಿಗೆಗಳು. ಉಗುರಿಲ್ಲದ ಒಂದು ಹೆಬ್ಬೆರಳು.

“ರಾಣಿ ದರ್ಬಾರು ಇವತ್ತ ಮುಗೀತೈತೋ ಇಲ್ಲೋ?” ಅಂದ ಒಬ್ಬ. ಎಲ್ಲರೂ ನಕ್ಕರು. ಹೆಣ್ಣುಮಕ್ಕಳು ಮೊಣಕಾಲು ಜೋಡಿಸಿ ಕೂರಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನನಗೆ ಅಷ್ಟನ್ನೂ ಮಾಡಲಾಗಲಿಲ್ಲ.

ಮುಂದಿನ ತಿಂಗಳು ಹೊರಡುವ ಹಿಂದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟೆ. ಬಸ್ಸಿನಲ್ಲಿ ಅತ್ತೆ ಮೋಸಂಬಿ ಸುಲಿದು ಕೊಟ್ಟರೆ ತುಟಿ ಬಿಗಿದುಕೊಂಡೆ. ಬಳ್ಳಾರಿಯ ಬಿಸಿಲು. ಎರಡನೆಯ ದಿನ ಚಳಿಜ್ವರ, ಹೊಟ್ಟೆಯ ಕೆಳಗೆ ಕೆಂಡ.

“ಯೂರಿನ್ ಇನ್‌ಫೆಕ್ಷನ್,” ಅಂದರು ಡಾಕ್ಟರು. “ಓದಿದೋರು ನೀವು. ನೀರು ಕುಡಿಯಾಕ ಏನಾಗೈತ್ರಿ?”

ನಾನು ಗೋಡೆ ನೋಡಿದೆ.

“ಬಾಗಲಾ ಮುಚ್ಚಂಗಿಲ್ರಿ, ಡಾಕ್ಟ್ರೇ,” ಅಂದರು ಅತ್ತೆ.

ಡಾಕ್ಟರಿಗೆ ಅರ್ಥವಾಗಲಿಲ್ಲ. ನೀರು ಹೆಚ್ಚು ಕುಡಿಯಬೇಕೆಂದು ಚೀಟಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದರು.

ಹೋದ ತಿಂಗಳು ಮತ್ತೆ ಹೋದೆವು. ಪಾಯಖಾನೆಯ ಮುಂದೆ, ಮೆಟ್ಟಿಲಿನಿಂದ ಆಚೆಗೆ, ಹಗ್ಗ ಕಟ್ಟಿ ಗೋಣಿತಟ್ಟಿನ ಪರದೆ ಇಳಿಬಿಟ್ಟಿದ್ದರು. ನನ್ನ ಕಣ್ಣು ತುಂಬಿತು.

“ನಮ್ಮ ಸಲುವಾಗಿ ಹಾಕ್ಸಿದ್ದೇನಪ್ಪಾ?” ಅತ್ತೆ ಕೇಳಿದರು.

“ನಿಮಗಲ್ರಿ ಅಜ್ಜೀ,” ಅಂದರು ಮ್ಯಾನೇಜರು. “ಇವರ ಕಾಲು ನೋಡಿದ್ರ ಊಟ ಸೇರಂಗಿಲ್ಲ ಅಂತಾರ ಉಳಿದ ಗಿರಾಕಿಗಳು.”

“ಥ್ಯಾಂಕ್ ಯೂ,” ಅಂದೆ. ನನಗೆ ಕಲಿಸಿದ್ದು ಹಾಗೆ.

ರೂಮಿಗೆ ಬಂದು ಎರಡು ಲೋಟ ನೀರು ಒಂದೇ ಉಸಿರಿಗೆ ಕುಡಿದೆ. ಸ್ವಲ್ಪ ಹೊತ್ತಿಗೆ ಹೋಗಬೇಕಾಯಿತು. ಗೋಣಿತಟ್ಟಿನಾಚೆ ಯಾರೋ ಗೊಣಗುತ್ತಿದ್ದರು. ಅತ್ತೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದರು, ಸೆರಗು ತಲೆಯ ಮೇಲೆಯೇ ಇತ್ತು.