ದಿನಾ ಮೊದಲಿನಿಂದ ಶುರುವಾಗುತ್ತಿದ್ದ ಆಟ

ಸುರಪುರದ ಬಸ್ ನಿಲ್ದಾಣದಿಂದ ಬಜಾರಿನ ಕಡೆಗೆ ಹೋಗುವ ರಸ್ತೆಯಲ್ಲಿ ಅರ್ಜುಮಂದಳ ರಿಪೇರಿ ಅಂಗಡಿ ಇದೆ. ಮೊಬೈಲು, ಮಿಕ್ಸರು, ಮಸೀದಿಯ ಮೈಕು, ಭಜನೆಯವರ ಸ್ಪೀಕರು, ಯಾವುದು ಕೆಟ್ಟರೂ ಅಲ್ಲಿಗೆ ಬರುತ್ತದೆ. ಹೊಸಬರು ಒಳಗೆ ಇಣುಕಿ, "ರಿಪೇರಿ ಮಾಡಾವ್ರು ಎಲ್ಲಿ ಹೋಗ್ಯಾರ್ರಿ?" ಎಂದು ಕೇಳುವುದುಂಟು. "ಇಲ್ಲೇ ಕುಂತಾರ, ಬರ್ರಿ" ಎಂದು ಅವಳು ದುಪಟ್ಟಾ ಸರಿಮಾಡಿಕೊಂಡು ಕೈಚಾಚುತ್ತಾಳೆ. ಈ ಕೆಲಸ ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ: "ಆಟ ಆಡಿ ಕಲ್ತೇನ್ರಿ."

ಕೇಳಿದವರು ನಗುತ್ತಾರೆ. ಆದರೆ ಅವಳು ಹೇಳುವುದು ನಿಜ.

ಅರ್ಜುಮಂದ ಬೆಳೆದದ್ದು ನಾರಾಯಣಪುರದಲ್ಲಿ, ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ. ಅವಳ ಅಬ್ಬಾ ಫಕ್ರುದ್ದೀನ ಅಣೆಕಟ್ಟಿನ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಗುಮಾಸ್ತ ಖಂಡಪ್ಪನದು. ಖಂಡಪ್ಪನ ಮಗಳು ದಾನೇಶ್ವರಿ ಮತ್ತು ಅರ್ಜುಮಂದ ಒಂದೇ ತರಗತಿ, ಒಂದೇ ಬೆಂಚು. ಹಿತ್ತಿಲ ಗೋಡೆಯಲ್ಲಿ ಎರಡು ಇಟ್ಟಿಗೆ ಬಿದ್ದುಹೋಗಿದ್ದವು. ಆ ಕಿಂಡಿಯಿಂದ ಮಾವಿನಕಾಯಿ, ಉಪ್ಪು, ಮನೆಲೆಕ್ಕದ ಉತ್ತರ ಎಲ್ಲ ಆ ಕಡೆ ಈ ಕಡೆ ಓಡಾಡುತ್ತಿದ್ದವು.

ಇಬ್ಬರೂ ಆರನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅರ್ಜುಮಂದಳ ಮಾಮು ಶಹಬಾಜ ಶಾರ್ಜಾದಿಂದ ಊರಿಗೆ ಬಂದ. ಎಲ್ಲರಿಗೂ ಅತ್ತರು, ಖರ್ಜೂರ, ಕಂಬಳಿ. ಅರ್ಜುಮಂದಳಿಗೆ ಮಾತ್ರ ಅಂಗೈಗಿಂತ ತುಸು ದೊಡ್ಡದಾದ ಒಂದು ಬೂದುಬಣ್ಣದ ಆಟದ ಮಷೀನು. ಯಾರೋ ಬಳಸಿ ಬಿಟ್ಟದ್ದು. ಮೂಲೆಯಲ್ಲಿ ಸ್ವಲ್ಪ ಒಡೆದಿತ್ತು. ಬೆನ್ನಿಗೆ ಆಟ ತುಂಬಿದ ಒಂದೇ ಒಂದು ಕ್ಯಾಸೆಟ್ಟು ಸಿಕ್ಕಿಸಿತ್ತು. ಅದರ ಮೇಲಿನ ಚಿತ್ರ ಸವೆದು, ಯಾವುದೋ ಪ್ರಾಣಿಯ ಎರಡು ಕಣ್ಣು ಮಾತ್ರ ಉಳಿದಿದ್ದವು.

ಪರದೆಗೆ ತನ್ನದೇ ಬೆಳಕು ಇರಲಿಲ್ಲ. ಹೊರಗೆ ಬಿಸಿಲಿದ್ದರೆ ಕಾಣುತ್ತಿತ್ತು, ಮೋಡ ಬಂದರೆ ಇಲ್ಲ. ಹಾಗಾಗಿ ಇಬ್ಬರೂ ಬೇವಿನ ಮರದ ನೆರಳು ಮುಗಿಯುವ ಜಾಗದಲ್ಲಿ, ತಲೆ ನೆರಳಿಗೂ ಕೈ ಬಿಸಿಲಿಗೂ ಬರುವಂತೆ ಕೂರುತ್ತಿದ್ದರು.

ಆಟ ಶುರುವಾದೊಡನೆ ಕೋಲು ಹಿಡಿದ ಮುದುಕಿಯೊಬ್ಬಳು ಬಂದು ಇಂಗ್ಲಿಷಿನಲ್ಲಿ ಏನೇನೋ ಮಾತಾಡುತ್ತಿದ್ದಳು. ಕನ್ನಡ ಶಾಲೆಯ ಹುಡುಗಿಯರಿಗೆ ಅದರಲ್ಲಿ ಅರ್ಥವಾದದ್ದು 'ನೇಮ್' ಎಂಬ ಒಂದು ಮಾತು.

"ಹೆಸರು ಕೇಳಾಕತ್ತಾಳ. ನಂದು ಹಾಕ್ಲಾ?" ಅಂದಳು ಅರ್ಜುಮಂದ.

"ನಿಂದೊಂದೇ ಹಾಕಿದ್ರ ನಾ ಯಾಕ ಕುಂದರ್ಲಿ? ನಾ ಮನಿಗೆ ಹೋಗ್ತೀನಿ ನೋಡು" ಅಂದಳು ದಾನೇಶ್ವರಿ.

ಕೊನೆಗೆ 'ಅರ್ದಾ' ಎಂದಾಯಿತು. ಅರ್ಜುಮಂದಳ 'ಅರ್', ದಾನೇಶ್ವರಿಯ 'ದಾ'. ಹೆಸರು ಹೇಳಿದ ಮೇಲೆ ಮುದುಕಿ ಮೂರು ಬುಟ್ಟಿ ಮುಂದಿಡುತ್ತಿದ್ದಳು. ಒಂದರಲ್ಲಿ ಕೋಡಿನ ತುದಿಗೆ ಬೆಂಕಿ ಹೊತ್ತಿದ ಆಡಿನಮರಿ, ಇನ್ನೊಂದರಲ್ಲಿ ನೀರು ಚಿಮ್ಮುವ ಏಡಿ, ಮತ್ತೊಂದರಲ್ಲಿ ಎಲೆಗಳೇ ಕಿವಿಯಾದ ಮೊಲ. ಅವುಗಳ ನಿಜವಾದ ಹೆಸರು ಓದಲು ನಾಲಿಗೆ ತಿರುಗಲಿಲ್ಲ. ಹುಡುಗಿಯರು ತಾವೇ ಬೆಂಕ್ಯಾ, ಏಡ್ಯಾ, ಎಲಿಮೊಲ ಎಂದು ಹೆಸರಿಟ್ಟರು. ಮೂರರಲ್ಲಿ ಒಂದನ್ನು ಮಾತ್ರ ಒಯ್ಯಬೇಕು. ಅರ್ಜುಮಂದಳಿಗೆ ಬೆಂಕ್ಯಾ ಬೇಕು, ದಾನೇಶ್ವರಿಗೆ ಏಡ್ಯಾ.

"ಡ್ಯಾಮಿನ ಬಾಜೂಕ ಇದ್ದು ಬೆಂಕಿ ಹಿಡಿತೀಯೇನ? ನೀರಿಂದು ತಗೋ" ಎಂಬುದು ದಾನೇಶ್ವರಿಯ ವಾದ.

ಅಂದು ವಾದದಲ್ಲಿ ಬೆಂಕ್ಯಾ ಗೆದ್ದಿತು. ಆಟದೊಳಗಿನ ಊರ ಹೊರಗೆ ಎತ್ತರದ ಹುಲ್ಲಿನಲ್ಲಿ ಕಾಲಿಟ್ಟ ಕೂಡಲೇ ಕಾಡುಪ್ರಾಣಿಗಳು ಎದುರಾಗುತ್ತಿದ್ದವು. ಅವನ್ನು ಸೋಲಿಸಬಹುದು, ಇಲ್ಲವೇ ಬಲೆ ಬೀಸಿ ಹಿಡಿದು ತಮ್ಮ ಗುಂಪಿಗೆ ಸೇರಿಸಿಕೊಳ್ಳಬಹುದು. ಇದು ತಿಳಿಯಲೇ ಬಹಳ ಹೊತ್ತು ಹಿಡಿಯಿತು. ಬಲೆ ಬೀಸಿದರೆ ಪ್ರಾಣಿ ಹರಿದುಕೊಂಡು ಹೋಗುತ್ತಿತ್ತು. ಬೆಂಕ್ಯಾನಿಂದ ಹೊಡೆಸಿದರೆ ಸತ್ತಂತೆ ಬಿದ್ದು ಮಾಯವಾಗುತ್ತಿತ್ತು. ಬಲೆಗಳೆಲ್ಲ ಮುಗಿದು ಇಬ್ಬರೂ ಜಗಳಕ್ಕೆ ಬಿದ್ದರು.

ಅರ್ಜುಮಂದಳ ಅಮ್ಮಿ ಖುರ್ಷೀದಬೇಗಂ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಇದನ್ನೆಲ್ಲ ಕೇಳುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು, "ಏನದು, ಕೋಳಿ ಹಿಡ್ಯಾದೇನ?"

"ಕೋಳಿ ಅಲ್ರಿ ಖಾಲಾ, ಆದ್ರ ಹಂಗೇ ಅದರಿ. ಹಿಡದ್ರ ಹಾರತದ, ಹೊಡದ್ರ ಸಾಯತದ" ಅಂದಳು ದಾನೇಶ್ವರಿ.

"ಕೋಳಿ ನಿಂತಾಗ ಬುಟ್ಟಿ ಹಾಕಿದ್ರ ಸಿಗತದೇನ ಹುಚ್ಚೀ? ಮೊದ್ಲ ಅಂಗಳೆಲ್ಲ ಓಡಿಸ್ರಿ. ಸುಸ್ತಾಗ್ಲಿ. ಕಾಲ ಸೋತು ಕುಂತ ಮ್ಯಾಲ ಬುಟ್ಟಿ ಹಾಕ್ರಿ. ಕೊಲ್ಲಾಕ ಹೋಗಬ್ಯಾಡ್ರಿ."

ಅದೇ ಉಪಾಯವಾಗಿತ್ತು. ಅರ್ಧ ಹೊಡೆದು, ಸುಸ್ತು ಮಾಡಿ, ಬಲೆ ಬೀಸಿದಾಗ ಇಲಿಯಂಥ ಒಂದು ಪ್ರಾಣಿ ಮೂರು ಸಲ ಒದ್ದಾಡಿ ಸುಮ್ಮನಾಯಿತು. ಇಬ್ಬರ ಕೂಗಿಗೆ ಖಂಡಪ್ಪನ ಮನೆಯವರೂ ಹೊರಗೆ ಬಂದರು. ಎಷ್ಟೋ ವರ್ಷಗಳ ಮೇಲೆ ದೊಡ್ಡ ಪರೀಕ್ಷೆ ಪಾಸಾದಾಗಲೂ ಅಷ್ಟು ಖುಷಿಯಾಗಲಿಲ್ಲ ಎಂದು ದಾನೇಶ್ವರಿ ಈಗಲೂ ಹೇಳುತ್ತಾಳೆ.

ಸಂಜೆ, ಮರುದಿನ ಅಲ್ಲಿಂದಲೇ ಮುಂದುವರಿಸಲೆಂದು ಆಟವನ್ನು ಕಾದಿಡುವ ಗುಂಡಿ ಒತ್ತಿದರು. ಕಾದಿಟ್ಟಿದ್ದೇನೆ ಎಂದು ಮಷೀನೂ ಹೇಳಿತು. ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಮುದುಕಿ, ಅದೇ ಪ್ರಶ್ನೆ. ಇಲಿ ಇಲ್ಲ, ಬೆಂಕ್ಯಾ ಇಲ್ಲ, 'ಅರ್ದಾ' ಎಂಬ ಹೆಸರೂ ಇಲ್ಲ.

ಮರುದಿನವೂ ಹಾಗೇ ಆಯಿತು. ತಾವೇ ಏನೋ ತಪ್ಪು ಒತ್ತುತ್ತಿದ್ದೇವೆ ಎಂದುಕೊಂಡರು. ಆಮೇಲೆ, ಆಟವೇ ಹೀಗಿರಬೇಕು ಎಂದು ಒಪ್ಪಿಕೊಂಡರು. ಕುಂಟೆಬಿಲ್ಲೆಯೂ ದಿನಾ ಮೊದಲ ಮನೆಯಿಂದಲೇ ತಾನೆ ಶುರುವಾಗುವುದು? ಹೀಗೆ ಆ ಬೇಸಿಗೆಯಿಡೀ ಅವರು ಒಂದೇ ಆಟದ ಆರಂಭವನ್ನು ಮತ್ತೆ ಮತ್ತೆ ಆಡಿದರು. ಒಂದು ದಿನ ಬೆಂಕ್ಯಾ, ಒಂದು ದಿನ ಏಡ್ಯಾ. ಇಬ್ಬರಿಗೂ ಮುನಿಸಿದ್ದ ದಿನ ಎಲಿಮೊಲ. ಬೆಂಕಿ ನೀರಿಗೆ ಸೋಲುತ್ತದೆ, ನೀರು ಎಲೆಗೆ, ಎಲೆ ಬೆಂಕಿಗೆ ಎಂಬುದು ಬಾಯಿಪಾಠವಾಯಿತು. ಮುದುಕಿಯ ಇಂಗ್ಲಿಷೂ ಹಾಗೇ ಬಾಯಿಪಾಠವಾಯಿತು. ದಾನೇಶ್ವರಿ ಸೆರಗು ಹೊದ್ದು, ಕೋಲು ಹಿಡಿದು, ಅದೇ ಮಾತುಗಳನ್ನು ಹೇಳಿದರೆ ಖುರ್ಷೀದಬೇಗಂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮಷೀನಿನ ಸೆಲ್ಲು ತೀರುವಷ್ಟರಲ್ಲಿ ಅವರು ಹೆಚ್ಚೆಂದರೆ ಒಂದು ಹೊಳೆಯ ದಂಡೆಗೆ ತಲುಪುತ್ತಿದ್ದರು. ಅಲ್ಲೊಂದು ಸೇತುವೆ. ಆಚೆ ಏನಿದೆಯೋ ಕಾಣುತ್ತಿರಲಿಲ್ಲ.

ರೋಹಿಣಿ ಮಳೆಯ ಹೊತ್ತಿಗೆ ಖಂಡಪ್ಪನಿಗೆ ಯಾದಗಿರಿಗೆ ವರ್ಗವಾಯಿತು. ಮನೆಯ ಪಾತ್ರೆಗಳು ಗೋಣಿಚೀಲ ಸೇರತೊಡಗಿದವು. ದಾನೇಶ್ವರಿ ಕಿಂಡಿಯ ಹತ್ತಿರ ಬಂದು ಹೇಳಿದಳು, "ಅರ್ಜೂ, ಹೋಗಾದ್ರೊಳಗ ಆ ಹೊಳಿ ದಾಟಿ ನೋಡೂಣು. ಒಂದ್ಸಲರೆ."

ಅಬ್ಬಾನ ಹತ್ತಿರ ಬೇಡಿ ಹೊಸ ಸೆಲ್ಲು ತರಿಸಿದರು. ಬೆಳಿಗ್ಗೆ ಬೇಗ ಕೂತು, ಊಟಕ್ಕೂ ಏಳದೆ ಆಡಿದರು. ಸೇತುವೆಯ ಬುಡಕ್ಕೆ ಬಂದಾಗ ಪಶ್ಚಿಮದಲ್ಲಿ ಕರಿಮೋಡ ಎದ್ದಿತು. ಪರದೆ ಮಂಕಾಯಿತು. ಬೆಳಕು ಹುಡುಕುತ್ತ ಇಬ್ಬರೂ ಅಂಗಳಕ್ಕೆ ಓಡುವಾಗ ಸುಂಟರಗಾಳಿ ಬಂತು; ಕಣ್ಣಿಗೆ ಮಣ್ಣು ಬಿದ್ದು ಅರ್ಜುಮಂದ ಮುಗ್ಗರಿಸಿದಳು. ಮಷೀನು ಕೈಜಾರಿ, ಬೆನ್ನಿನ ಮುಚ್ಚಳ ತೆರೆದು, ಸೆಲ್ಲುಗಳು ಅಂಗಳದಲ್ಲಿ ಉರುಳಿದವು. ಮತ್ತೆ ಹಾಕಿ ನೋಡಿದಾಗ ಕೋಲು ಹಿಡಿದ ಮುದುಕಿ ನಿಂತಿದ್ದಳು.

ಅರ್ಜುಮಂದ ಬಿಕ್ಕಿ ಬಿಕ್ಕಿ ಅತ್ತಳು. ದಾನೇಶ್ವರಿ ಅಳಲಿಲ್ಲ. "ಇರ್ಲಿ ಬಿಡು, ನಾ ದಸರಾ ಸೂಟಿಗೆ ಬರ್ತೀನಿ" ಅಂದಳು. ಎರಡು ದಿನಕ್ಕೆ ಅವರ ಸಾಮಾನಿನ ಟ್ರ್ಯಾಕ್ಸು ಹೊರಟುಹೋಯಿತು.

ಆ ವಾರ, ಶಾರ್ಜಾಕ್ಕೆ ಮರಳಿದ್ದ ಶಹಬಾಜ ಮಾಮು ಫೋನು ಮಾಡಿದಾಗ ಅರ್ಜುಮಂದ ಮಷೀನಿನ ದೂರು ಹೇಳಿದಳು. ಅವನು ಅಂಗಡಿಯವರನ್ನು ವಿಚಾರಿಸಿ ಮುಂದಿನ ಫೋನಿನಲ್ಲಿ ತಿಳಿಸಿದ: ಕ್ಯಾಸೆಟ್ಟಿನೊಳಗೆ ಕೈಗಡಿಯಾರದಲ್ಲಿರುವಂಥ ಒಂದು ಚಪ್ಪಟೆ ಸೆಲ್ಲಿರುತ್ತದೆ, ಆಟದ ನೆನಪೆಲ್ಲ ಅದರ ಬಲದ ಮೇಲೆ ನಿಂತಿರುತ್ತದೆ, ಹಳೆಯ ಕ್ಯಾಸೆಟ್ಟಾದ್ದರಿಂದ ಅದು ಸತ್ತುಹೋಗಿದೆ.

ಫಕ್ರುದ್ದೀನ ಮಗಳನ್ನು ಬಸ್ಸಿನಲ್ಲಿ ಸುರಪುರಕ್ಕೆ ಕರೆದೊಯ್ದ. ಅಲ್ಲಿ ಹುಲಗಪ್ಪ ಎಂಬಾತನ ರೇಡಿಯೊ-ಟಿ.ವಿ. ರಿಪೇರಿ ಅಂಗಡಿ. ಹುಲಗಪ್ಪ ಕ್ಯಾಸೆಟ್ಟನ್ನು ಕಿವಿಯ ಹತ್ತಿರ ಅಲುಗಿಸಿದ, ಮೂಸಿದ, ಕನ್ನಡಕ ಏರಿಸಿದ.

"ಇಂಥಾದು ನಾ ಬಿಚ್ಚಿಲ್ಲ ಸಾಹೇಬ್ರ. ಕೆಟ್ಟರ ಬೈಬ್ಯಾಡ್ರಿ ಮತ್ತ."

"ಈಗರೆ ಎಲ್ಲಿ ಛಲೋ ಅದ? ಬಿಚ್ರಿ" ಅಂದ ಫಕ್ರುದ್ದೀನ.

ಒಳಗೆ ಹಸಿರು ಹಲಗೆ. ಅದರ ಮೇಲೆ ಕಾಲುವೆಗಳ ನಕಾಶೆಯಂತೆ ಸಣ್ಣ ಸಣ್ಣ ಗೆರೆಗಳು, ಒಂದು ಮೂಲೆಯಲ್ಲಿ ಮಾಸಿದ ಬಿಲ್ಲೆಯಂಥ ಸೆಲ್ಲು. ಬೆಂಕ್ಯಾ, ಏಡ್ಯಾ, ಮುದುಕಿ, ಹುಲ್ಲು, ಹೊಳೆ ಎಲ್ಲ ಇಷ್ಟರೊಳಗೇ ಇದ್ದವೆಂದು ಅರ್ಜುಮಂದ ಉಸಿರು ಹಿಡಿದು ನೋಡಿದಳು. ಹುಲಗಪ್ಪನಿಗೆ ಹಲಗೆ ಹಿಡಿಯಲು ಮೂರನೆಯ ಕೈ ಬೇಕಾಯಿತು. "ಏ ತಂಗಿ, ಇಲ್ಲಿ ಹಿಡಿ. ಅಳ್ಳಾಡಿಸಬ್ಯಾಡ" ಅಂದ. ಅವಳು ಹಿಡಿದಳು. ಬೆಸುಗೆಯ ಹೊಗೆ ಮೂಗಿಗೆ ಬಂತು. ಕರಗಿದ ಸೀಸ ಬೆಳ್ಳಿಯ ಹನಿಯಂತೆ ಹೊಳೆದು ಗಟ್ಟಿಯಾಗಿ, ಹೊಸ ಸೆಲ್ಲು ಕೂತಿತು. ಕೈ ನಡುಗಲಿಲ್ಲ. ಹುಲಗಪ್ಪ ಅದನ್ನು ಗಮನಿಸಿ, "ಈ ಹುಡುಗಿ ಕೈ ಗಟ್ಟಿ ಅದರಿ ಸಾಹೇಬ್ರ" ಅಂದ.

ಆ ಸಂಜೆ ಅರ್ಜುಮಂದ ದಾನೇಶ್ವರಿಯ ಇಷ್ಟದ ಏಡ್ಯಾನನ್ನು ಆರಿಸಿ, ಸ್ವಲ್ಪ ಆಡಿ, ಕಾದಿಡುವ ಗುಂಡಿ ಒತ್ತಿದಳು. ಮರುದಿನ ಬೆಳಿಗ್ಗೆ ಮಷೀನು ಹಚ್ಚಿದಾಗ ಮುದುಕಿ ಬರಲಿಲ್ಲ. ಹಿಂದಿನ ಸಂಜೆ ನಿಂತಿದ್ದ ಜಾಗದಲ್ಲೇ ಏಡ್ಯಾ ಕಾಯುತ್ತಿತ್ತು. ಅರ್ಜುಮಂದ ಕುಣಿದು, ಹಿತ್ತಿಲಿಗೆ ಓಡಿ, ಕಿಂಡಿಯಲ್ಲಿ ಬಾಯಿಟ್ಟು "ದಾನೀ!" ಎಂದು ಕೂಗಿದಳು. ಆ ಕಡೆಯಿಂದ ಹೊಸದಾಗಿ ಬಂದ ಮನೆಯ ಹೆಂಗಸು, "ಯಾರವ್ವ?" ಅಂದಳು.

ಅವಳು ಸೇತುವೆಯವರೆಗೆ ಹೋಗಿ ನಿಂತಳು. ದಾಟಲಿಲ್ಲ. ಮಳೆಗಾಲವೆಲ್ಲ ಕಳೆಯಿತು, ಅಣೆಕಟ್ಟಿನ ಸೈರನ್ನು ಕೂಗಿ ಗೇಟುಗಳು ತೆರೆದು ಮುಚ್ಚಿದವು. ಶಾಲೆ ಬಿಟ್ಟು ಬಂದು ಅವಳು ಹೊಳೆಯ ಈ ದಂಡೆಯ ಹುಲ್ಲಿನಲ್ಲೇ ಸುತ್ತಾಡಿ, ಅವವೇ ಸಣ್ಣ ಪ್ರಾಣಿಗಳೊಡನೆ ಏಡ್ಯಾನನ್ನು ಹೋರಾಡಿಸಿದಳು. ಏಡ್ಯಾ ಬೆಳೆದು, ಚಿಪ್ಪು ದಪ್ಪವಾಗಿ, ಒಂದು ಸಂಜೆ ಮಿಂಚು ಮಿಂಚಾಗಿ ಬೇರೆಯೇ ರೂಪ ತಾಳಿತು. ಆ ಸುದ್ದಿಯನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ದಸರೆಗೆ ದಾನೇಶ್ವರಿ ಬಂದಳು. ಬ್ಯಾಗು ಇಳಿಸುವ ಮೊದಲೇ ಕೇಳಿದಳು, "ದಾಟಿದೇನ?"

"ನೀ ಇಲ್ದ ಹ್ಯಾಂಗ ದಾಟ್ಲಿ?"

ಇಬ್ಬರೂ ಬೇವಿನ ನೆರಳಿನ ಅಂಚಿನಲ್ಲಿ ಕೂತು ಸೇತುವೆ ದಾಟಿದರು. ಆಚೆ ಇನ್ನೊಂದು ಊರು. ಮೊದಲಿನದರಂತೆಯೇ ನಾಲ್ಕು ಮನೆ, ಒಂದು ಅಂಗಡಿ. "ಇಷ್ಟೇನ?" ಅಂದಳು ದಾನೇಶ್ವರಿ. ಅಲ್ಲಿನ ದೊಡ್ಡ ಪೈಲ್ವಾನ ತೊಡೆ ತಟ್ಟಿ ಎದುರಿಗೆ ಬಂದ. ತಿಂಗಳುಗಟ್ಟಲೆ ಮೈ ಬೆಳೆಸಿದ ಏಡ್ಯಾನ ಒಂದೊಂದೇ ಹೊಡೆತಕ್ಕೆ ಅವನ ಪ್ರಾಣಿಗಳು ಒಂದೊಂದಾಗಿ ಮಗುಚಿ ಬಿದ್ದವು. ಇಬ್ಬರೂ ನಗುತ್ತ ನಗುತ್ತ ನೆಲಕ್ಕೊರಗಿದರು.

ಆ ಮಷೀನು ಮುಂದೆ ಹೈದರಾಬಾದಿನ ನೆಂಟರ ಮಕ್ಕಳ ಕೈಸೇರಿ ಕಳೆದುಹೋಯಿತು. ಫಕ್ರುದ್ದೀನನಿಗೆ ಸುರಪುರಕ್ಕೆ ವರ್ಗವಾದ ಮೇಲೆ ಅರ್ಜುಮಂದ ಕಾಲೇಜು ಮುಗಿಸಿಕೊಂಡು ಹುಲಗಪ್ಪನ ಅಂಗಡಿಗೆ ಹೋಗಿ ಕೂರತೊಡಗಿದಳು. ಮೊದಮೊದಲು ಓಣಿಯವರು ಮಾತಾಡಿಕೊಂಡರು. "ನನ್ ಮಗಳು ಬ್ಯಾರೇದವರ ಮನಿ ಕೆಡಸಾಕ ಹೋಗಿಲ್ಲ, ಕೆಟ್ಟಿದ್ದು ಸುದ್ದ ಮಾಡಾಕ ಹೋಗ್ಯಾಳ" ಎಂದು ಖುರ್ಷೀದಬೇಗಂ ಬಾವಿಕಟ್ಟೆಯ ಮೇಲೆ ನಿಂತು ಹೇಳಿದ ಮೇಲೆ ಮಾತು ತಣ್ಣಗಾಯಿತು. ಮದುವೆಯಾಯಿತು, ಮಗಳು ಸಬಾ ಹುಟ್ಟಿದಳು. ಹುಲಗಪ್ಪನಿಗೆ ಕಣ್ಣು ಮಂಜಾದಾಗ ಅಂಗಡಿಯ ಬೀಗದ ಕೈ ಅರ್ಜುಮಂದಳ ಸೊಂಟಕ್ಕೆ ಬಂತು.

ದಾನೇಶ್ವರಿ ಈಗ ಶಹಾಪುರದಲ್ಲಿ ಹೈಸ್ಕೂಲು ಟೀಚರು, ಇಂಗ್ಲಿಷು ಕಲಿಸುತ್ತಾಳೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಆಗಾಗ ಬಸ್ಸು ಹತ್ತಿ ಸುರಪುರಕ್ಕೆ ಬರುತ್ತಾಳೆ. ಕಳೆದ ಚಳಿಗಾಲದ ಒಂದು ಶನಿವಾರ ಸಬಾ ಅಮ್ಮನ ಮೊಬೈಲಿಗೆ ಅಂಥದೇ ಪ್ರಾಣಿ ಹಿಡಿಯುವ ಹೊಸ ಆಟವೊಂದನ್ನು ಹಾಕಿಕೊಟ್ಟಿದ್ದಳು. ಬಣ್ಣಬಣ್ಣದ್ದು. ಗೆಳತಿಯರಿಬ್ಬರೂ ಅದನ್ನು ತೆರೆಯುವ ಹೊತ್ತಿಗೆ, ದಿನದಂತೆ ಚಹಾಕ್ಕೆ ಬಂದ ಹುಲಗಪ್ಪ ಬೆಂಚಿನ ಮೇಲೆ ಕೂತಿದ್ದ. ಕಣ್ಣಿನ ಆಪರೇಷನ್ನು ಆಗಿ ನೋಟ ತಿಳಿಯಾಗಿತ್ತು.

"ಏನ್ ನೋಡಾಕತ್ತೀರಿ ಇಬ್ರೂ?"

"ಆಟ ಕಾಕಾ. ನೀವು ನನ್ ಕ್ಯಾಸೆಟ್ ಸುದ್ದ ಮಾಡಿದ್ರಲ್ಲ, ಅಂಥಾದು."

"ಬಿಚ್ಚಿದ್ದೆ ಖರೆ. ಒಳಗೇನು ನಡೀತದ ಅಂತ ನಾ ಎಂದೂ ನೋಡ್ಲಿಲ್ಲ ಬಿಡು."

ಅರ್ಜುಮಂದ ಮೊಬೈಲನ್ನು ಅವನ ಕೈಗಿಟ್ಟಳು. "ಹಂಗಿದ್ರ ನೀವೇ ಶುರು ಮಾಡ್ರಿ ಕಾಕಾ. ಮೊದ್ಲ ಹೆಸರು ಹೇಳ್ರಿ."

ಹೆಸರು ಬರೆದದ್ದಾಯಿತು. ಮೂರು ಪ್ರಾಣಿಗಳು ಮುಂದೆ ಬಂದು ನಿಂತವು. ಹುಲಗಪ್ಪ ಒಂದೊಂದನ್ನೂ ದಿಟ್ಟಿಸಿ, ಇದು ಏನು ತಿನ್ನುತ್ತದೆ, ಇದು ಎಲ್ಲಿ ಮಲಗುತ್ತದೆ ಎಂದು ವಿಚಾರಿಸಿದ. ಚಹಾ ಆರಿಹೋಯಿತು. ಕೊನೆಗೆ ನಿಧಾನವಾಗಿ ನಡೆಯುವ, ಜೋತುಬಿದ್ದ ಕಿವಿಯ ಎತ್ತಿನಂಥದನ್ನು ಆರಿಸಿದ. "ಇದು ಸಾಧು ಕಾಣಸತದ."

ಹುಲ್ಲಿನಲ್ಲಿ ಒಂದು ಪುಟ್ಟ ಹಕ್ಕಿ ಎದುರಾಯಿತು. ದಾನೇಶ್ವರಿ ಪಕ್ಕದಿಂದ ಹೇಳಿಕೊಟ್ಟಳು: ಮೊದಲು ಸುಸ್ತು ಮಾಡ್ರಿ, ಈಗ ಇಲ್ಲಿ ಒತ್ರಿ. ಎತ್ತು ಒಮ್ಮೆ ಗುದ್ದಿತು. ಹಕ್ಕಿ ರೆಕ್ಕೆ ಇಳಿಬಿಟ್ಟು ನಿಂತಿತು.

"ಈಗ ಬಲಿ ಬೀಸ್ರಿ ಕಾಕಾ, ಬ್ಯಾಗ!"

ಹುಲಗಪ್ಪನ ಬೆರಳು ಗುಂಡಿಯ ಮೇಲೆ ನಿಂತಿತು. ಹಕ್ಕಿಯನ್ನು ಒಂದು ಕ್ಷಣ ನೋಡಿದ. "ಭಾಳ ಸಣ್ಣದದ ಬೇ. ಹೋಗ್ಲಿ ಬಿಡು. ನಡೀ, ಮುಂದ ದೊಡ್ಡದು ಸಿಕ್ಕರ ನೋಡೂಣು" ಎಂದು, ಹಕ್ಕಿಯನ್ನು ಬಿಟ್ಟು ಅಲ್ಲಿಂದ ಹೋಗಲು ಎಲ್ಲಿ ಒತ್ತಬೇಕೆಂದು ಕೇಳಿದ.